ಎರಡು ಮನೆಗೆ ಒಂದು ದೀಪ

ಮಗ್ಗುಲ ಮನೆಯ ಆಯಿಯ ಬಲಹುಬ್ಬಿನ ತುದಿ ಸದಾ ಸುಟ್ಟು ಮೋಟಾಗಿರುತ್ತಿತ್ತು. ನಮ್ಮಿಬ್ಬರ ಅಡುಗೆಮನೆಗಳ ನಡುವಿನ ಗೋಡೆಯಲ್ಲಿ ಎರಡೂ ಕಡೆ ತೆರೆದ ಒಂದು ಮಾಡ ಇದೆ. ಅಲ್ಲಿ ಉರಿಯುವ ದೀಪದ ಪಕ್ಕದಿಂದಲೇ ಮುಖ ತೂರಿಸಿ ಆಕೆ ಮಾತಾಡಿಸುತ್ತಿದ್ದಳು.

ಇಂಡಿ ರೋಡ್ ಸ್ಟೇಷನ್ನಿನ ಹಿಂದಿನ ಈ ಸಾಲುಮನೆಗಳನ್ನು ರೈಲ್ವೆ ಕೆಲಸಗಾರರೇ ಸೊಸೈಟಿ ಮಾಡಿಕೊಂಡು ಕಟ್ಟಿಸಿದ್ದು, ನಮ್ಮ ಮಾವನವರ ತಂದೆಯ ಕಾಲದಲ್ಲಿ. ಗಂಡಸರು ರಾತ್ರಿಪಾಳಿಗೆ ಹೋದಾಗ ಹೆಂಗಸರು ಒಂಟಿಯಾಗಬಾರದೆಂದು ಎರಡೆರಡು ಮನೆಗೆ ಒಂದು ಮಾಡ ಬಿಟ್ಟರಂತೆ. ಮುಸ್ಸಂಜೆ ಮೊದಲು ಬಂದವರು ದೀಪ ಹಚ್ಚಬೇಕು.

ಮದುವೆಯಾಗಿ ಬಂದ ಹೊಸದರಲ್ಲಿ, ನಮ್ಮ ಮನೆಯವರು ಡ್ಯೂಟಿಗೆ ಹೋದರೆ ನಾನು ಮಾಡದ ಬಳಿಯೇ ಸ್ಟೂಲ್ ಹಾಕಿಕೊಂಡು ಕೂಡುತ್ತಿದ್ದೆ.

“ಇಂಗ್ಲಿಷ್ ಸಾಲಿ ಕಲ್ತಾಕಿ, ದೆವ್ವಕ್ಕ ಹೆದರ್ತಿ ಏನ?” ಎಂದಳು ಆಯಿ. “ಈ ಕಡಿಂದ ಬಂದ್ರ ಅದು ನನ್ನ ದಾಟಿ ಬರಬೇಕು. ನನ್ನ ಮಾರಿ ನೋಡಿ ಅದ ಓಡತೈತಿ.”

ಆಕೆ ಹೊರಗಿನಿಂದ ಬಂದು ಬಾಗಿಲು ತೆರೆದರೆ ದೀಪದ ಕುಡಿ ನನ್ನ ಕಡೆ ವಾಲುತ್ತಿತ್ತು. ದನಿಗಿಂತ ಮೊದಲು ಅದು ಹೇಳುತ್ತಿತ್ತು, ಆಯಿ ಬಂದಳು ಎಂದು.

ಹೊಸ ಬಣ್ಣಕ್ಕೆ ಮಸಿ ಹತ್ತುತ್ತದೆಂದು ನಮ್ಮವರು ಮಾಡ ಮುಚ್ಚಿಸಲು ಹೊರಟಾಗ ಮಾತ್ರ ಆಕೆಯ ದನಿ ಇಳಿಯಿತು.

“ನಾ ಹೋದ ಮ್ಯಾಲ ಮುಚ್ಚಿಸಪಾ. ನಮ್ಮನಿಯವರು ಗ್ಯಾಂಗಿನ ಕೆಲಸಕ್ಕ ಹೋಗಿ ಹಳಿ ಮ್ಯಾಲ ಜೀವ ಬಿಟ್ರಲ್ಲ, ಹೆಣ ಬರೂತನಕ ನಿಮ್ಮವ್ವ ಇದರಾಗಿಂದ ನನ್ನ ಕೈ ಹಿಡಕೊಂಡ ಕೂತಿದ್ಲು. ಹಸಿಬಾಣಂತಿ, ಹೊರಗ ಬರೂಹಂಗಿರಲಿಲ್ಲ. ನೀ ಆಕಿ ತೊಡಿ ಮ್ಯಾಲಿದ್ದಿ.”

ಆಕೆ ಇರುವತನಕ ನಮ್ಮವರು ಮತ್ತೆ ಆ ಮಾತೆತ್ತಲಿಲ್ಲ.

ಹೋದ ವರ್ಷ ಆಯಿಗೆ ಜ್ವರ ಬಿಡಲಿಲ್ಲವೆಂದು ಆಕೆಯ ಮಗಳು ಮುದ್ದೇಬಿಹಾಳಕ್ಕೆ ಕರೆದೊಯ್ದಳು. “ದೀಪ ತಪ್ಪಿಸಬ್ಯಾಡವಾ, ನಾ ಬಂದಾಗ ಕತ್ತಲಿರಬಾರ್ದು” ಎಂದು ಹೇಳಿ ಆಟೋ ಹತ್ತಿದಳು. ಅಲ್ಲೇ ತೀರಿಕೊಂಡಳು. ನನಗೆ ಸುದ್ದಿ ತಿಳಿದದ್ದು ಮಣ್ಣಾದ ಮೇಲೆ. ಕೈ ಹಿಡಿಯುವುದು ನನ್ನಿಂದ ಆಗಲಿಲ್ಲ.

ದಿನಾಲೂ ದೀಪ ಹಚ್ಚುತ್ತೇನೆ. ಬೀಗ ಬಿದ್ದ ಆ ಮನೆಯೊಳಗೆ, ಗೂಟಕ್ಕೆ ತೂಗುಬಿಟ್ಟ ಆಕೆಯ ಸೌಟಿನ ಮೇಲೆ ಬೆಳಕು ಬೀಳುತ್ತದೆ.

ಮೊನ್ನೆ ನಮ್ಮವರು ಮೆಲ್ಲಗೆ ಅಂದರು, “ತಾನು ಹೋದ ಮ್ಯಾಲ ಮುಚ್ಚಿಸು ಅಂದಿದ್ಲಲ್ಲ ಆಯಿ. ನಾಳಿ ಗೌಂಡಿ ಬರ್ತಾನ.”

ಅಂದು ಸಂಜೆ ದೀಪ ಹಚ್ಚಿದೆ. ಗಾಳಿ ಇರಲಿಲ್ಲ. ಕುಡಿ ನಿಧಾನವಾಗಿ ನನ್ನ ಕಡೆ ವಾಲಿತು. ಹೊರಗೆ ಹೋಗಿ ನೋಡಿದೆ, ಬೀಗ ಹಾಗೆಯೇ ಇತ್ತು. ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ ಪ್ರಾರ್ಥನೆ ಅರ್ಧಕ್ಕೇ ಮರೆತುಹೋಯಿತು. ಮರಳಿ ಬಂದು ಮಾಡದೊಳಗಿಂದ ಕೈ ಆಚೆ ಚಾಚಿ, ಅಂಗೈ ತೆರೆದು, ಆ ಕತ್ತಲೆಯನ್ನೇ ಬಗ್ಗಿ ನೋಡುತ್ತ ಕೂತೆ.

ಮರುದಿನ ಬಂದ ಗೌಂಡಿಗೆ ಮಾಡದ ಬದಲು ಬಚ್ಚಲ ಗೋಡೆಯ ಬಿರುಕು ತೋರಿಸಿದೆ. ನಮ್ಮವರು ನನ್ನ ಮುಖ ನೋಡಿದರು. ನನ್ನ ಹುಬ್ಬಿನ ತುದಿ ಸುಟ್ಟಿತ್ತು.