ಎರಡು ಮಾತಿಗೆ ಹೆದರಿ ಊರನ್ನು ಚರಂಡಿಗೆ ಇಳಿಸಿದ್ದು

ಯುದ್ಧ ನಡೆಯುತ್ತಿದ್ದ ಕಾಲದಲ್ಲಿ ಒಂದು ಸಂಜೆ ಭದ್ರಾವತಿಯ ಹಳೇ ಊರಿನ ಅರ್ಧ ಜನ ಚರಂಡಿಗಳಲ್ಲಿ ಬೋರಲು ಮಲಗಿದ್ದರು. ತಾಲ್ಲೂಕಿನ ಅಮಲ್ದಾರರೂ ಮಲಗಿದ್ದರು, ಜರಿಪೇಟದ ಸಮೇತ. ಜಪಾನಿನ ವಿಮಾನ ಬಂತೆಂದು ಎಲ್ಲರೂ ನಂಬಿದ್ದರು. ವಿಮಾನ ಬಂದಿರಲಿಲ್ಲ. ಅವರನ್ನೆಲ್ಲ ಮಲಗಿಸಿದವನು ನಾನು. ಈ ವಿಷಯ ತಿಳಿಯದೆಯೇ ನನ್ನ ಹೆಂಡತಿ ತೀರಿಕೊಂಡಳು. ಮಕ್ಕಳಿಗೂ ಹೇಳಿಲ್ಲ. ಈಗ ಬರೆಯುತ್ತಿದ್ದೇನೆ, ಏಕೆಂದರೆ ಬರೆಯುವಾಗ ಎದುರಿಗೆ ಯಾರೂ ಕುಳಿತಿರುವುದಿಲ್ಲ.

ನನಗೆ ಜನರೆಂದರೆ ಭಯ. ಹಾವು, ದೆವ್ವ, ಕತ್ತಲೆ ಇವಕ್ಕೆ ನಾನು ವಿಶೇಷವಾಗಿ ಹೆದರಿದವನಲ್ಲ. ಆದರೆ ಶಿವಮೊಗ್ಗದಲ್ಲಿ ಹೈಸ್ಕೂಲಿಗೆ ಹೋಗುವ ದಾರಿಯಲ್ಲಿ ಯಾರಾದರೂ ಪರಿಚಯದವರು ಕಂಡರೆ, ಎಲ್ಲಿ ‘ಏನಪ್ಪ, ಚೆನ್ನಾಗಿದೀಯ?’ ಎಂದು ಕೇಳಿಬಿಡುತ್ತಾರೋ ಎಂದು ಯಾರದೋ ಹಿತ್ತಿಲಿಗೆ ನುಗ್ಗುತ್ತಿದ್ದೆ. ಹಿತ್ತಿಲಿನವರು ‘ಯಾರದು?’ ಎಂದರೆ ಅಲ್ಲಿಂದಲೂ ಓಡಬೇಕಾಗುತ್ತಿತ್ತು. ಇದರಿಂದ ನನಗೆ ಓಟ ಚೆನ್ನಾಗಿ ಬಂತು. ಆದರೂ ಶಾಲೆಯ ಪಂದ್ಯಗಳಲ್ಲಿ ಬೇಕೆಂದೇ ನಾಲ್ಕನೆಯವನಾಗಿ ಬರುತ್ತಿದ್ದೆ. ಮೊದಲ ಮೂವರು ವೇದಿಕೆ ಹತ್ತಿ ಬಹುಮಾನ ತೆಗೆದುಕೊಳ್ಳಬೇಕಾಗಿತ್ತು.

ಹೈಸ್ಕೂಲು ಮುಗಿದ ಮೇಲೆ ಅಪ್ಪ ನನ್ನನ್ನು ಒಂದು ಬಟ್ಟೆ ಅಂಗಡಿಗೆ ಸೇರಿಸಿದರು. ಗಿರಾಕಿಯ ಜೊತೆ ಮಾತನ್ನು ಬೇಗ ಮುಗಿಸುವ ಉಪಾಯವನ್ನು ನಾನು ಎರಡೇ ದಿನದಲ್ಲಿ ಕಂಡುಹಿಡಿದೆ. ‘ಇದೆ’ ಎಂದರೆ ಮಾತು ಬೆಳೆಯುತ್ತದೆ. ಬಣ್ಣ ಯಾವುದು, ಅಂಚು ಎಷ್ಟು ಅಗಲ, ಒಗೆದರೆ ಬಿಡುತ್ತದೆಯೇ. ‘ಇಲ್ಲ’ ಎಂದರೆ ಅಲ್ಲಿಗೆ ಮುಗಿಯಿತು. ಒಬ್ಬ ಹೆಂಗಸು ನನ್ನ ತಲೆಯ ಮೇಲೆಯೇ ತೂಗುಹಾಕಿದ್ದ ಸೀರೆಯನ್ನು ತೋರಿಸಿ, “ಆ ಹಸಿರು ಸೀರೆ ಕೊಡಪ್ಪ” ಎಂದರು.

“ಇಲ್ಲ” ಎಂದೆ.

“ಅಯ್ಯೋ, ನಿನ್ ತಲೆಗೆ ತಾಗ್ತಾ ಇದೆಯಲ್ಲೋ ಮಾರಾಯ!”

“ಇಲ್ಲ.”

ಅಂಗಡಿಯವರು ಗಾದಿಯಿಂದ ಎದ್ದು ಬಂದು ನನ್ನನ್ನು ಮನೆಗೆ ಕಳಿಸಿದರು.

ಆಮೇಲೆ ಅಡಿಕೆ ಮಂಡಿ. ಅಲ್ಲಿ ದರವನ್ನು ಬಾಯಲ್ಲಿ ಹೇಳುವುದಿಲ್ಲ. ಟವೆಲಿನ ಕೆಳಗೆ ಕೈಹಿಡಿದು ಬೆರಳು ಒತ್ತಿ ತಿಳಿಸುತ್ತಾರೆ. ಮಾತೇ ಇಲ್ಲದ ವ್ಯಾಪಾರ ಎಂದು ಕೇಳಿ ನಾನು ಜೀವನದಲ್ಲಿ ಮೊದಲ ಸಲ ಕುಣಿಯುವಷ್ಟು ಖುಷಿಪಟ್ಟೆ. ಗುರುತಿಲ್ಲದ ಗಂಡಸಿನ ಕೈಹಿಡಿದು, ಮೊಣಕಾಲಿಗೆ ಮೊಣಕಾಲು ತಾಗಿಸಿ, ಆತನ ಮುಖವನ್ನೇ ನೋಡುತ್ತಾ ಕೂರಬೇಕು ಎಂಬುದನ್ನು ಮಾತ್ರ ಯಾರೂ ಹೇಳಿರಲಿಲ್ಲ. ನನ್ನ ಬೆರಳುಗಳು ನಡುಗಿದವು. ನಡುಕ ಹೆಚ್ಚಿದಂತೆ ದರವೂ ಏರುತ್ತಾ ಇಳಿಯುತ್ತಾ ಹೋಯಿತು. ತೀರ್ಥಹಳ್ಳಿ ಕಡೆಯ ಆ ಬೆಳೆಗಾರರು ಕೊನೆಗೆ ಟವೆಲನ್ನು ಎತ್ತಿ ಒಳಗೆ ಇಣುಕಿ ನೋಡಿದರು. ಮಂಡಿಯಲ್ಲಿ ಹಾಗೆ ಯಾರೂ ಮಾಡುವುದಿಲ್ಲ.

“ಇವ್ರು ದರ ಹೇಳ್ತಾ ಇದಾರೋ, ತಬಲಾ ಬಾರಿಸ್ತಾ ಇದಾರೋ?” ಎಂದು ಮಂಡಿಯವರನ್ನು ಕೇಳಿದರು. ಅಲ್ಲಿಗೆ ಅದೂ ಮುಗಿಯಿತು.

ಅಪ್ಪ ಮಾತು ಬಿಟ್ಟರು. ಅಪ್ಪನ ಜೊತೆಗೂ ಮಾತಾಡುವುದು ತಪ್ಪಿತಲ್ಲ ಎಂದು ನನಗೆ ಒಳಗೊಳಗೇ ಹಗುರವಾಯಿತು. ಇದನ್ನೂ ಒಪ್ಪಿಕೊಳ್ಳಬೇಕು.

ಭದ್ರಾವತಿಯಲ್ಲಿದ್ದ ಭಾವ ನನ್ನನ್ನು ಅಲ್ಲಿಯ ಒಂದು ಅಕ್ಕಿ ಗಿರಣಿಗೆ ಸೇರಿಸಿದರು. ಗಿರಣಿ ಆವಿಯಿಂದ ನಡೆಯುತ್ತಿತ್ತು. ಭತ್ತದ ಹೊಟ್ಟನ್ನೇ ಉರಿಸಿ ನೀರು ಕುದಿಸುವ ದೊಡ್ಡ ಬಾಯ್ಲರು, ಅದರ ತಲೆಯ ಮೇಲೊಂದು ಸಿಳ್ಳೆ. ಸಿಳ್ಳೆಯಿಂದ ಇಳಿಬಿಟ್ಟ ಸರಪಳಿಯನ್ನು ಎಳೆದರೆ ಅದರ ಕೂಗು ಹೊಳೆಯಾಚೆಗೂ ಕೇಳುತ್ತಿತ್ತು. ಆವಿಯ ಒತ್ತಡ ಮತ್ತು ನೀರಿನ ಮಟ್ಟ ನೋಡುತ್ತಿರುವುದು, ಗಡಿಯಾರ ನೋಡಿ ಹೊತ್ತು ಹೊತ್ತಿಗೆ ಸರಪಳಿ ಎಳೆಯುವುದು, ಇಷ್ಟೇ ನನ್ನ ಕೆಲಸ. ಬಾಯ್ಲರಿನ ಸದ್ದಿನಲ್ಲಿ ಯಾರು ಏನು ಹೇಳಿದರೂ ಕೇಳಿಸುತ್ತಿರಲಿಲ್ಲ, ಆದ್ದರಿಂದ ಯಾರೂ ಏನೂ ಹೇಳುತ್ತಿರಲಿಲ್ಲ. ಅಲ್ಲಿಯ ಸೆಕೆಗೆ ಜನ ಒಳಗೇ ಬರುತ್ತಿರಲಿಲ್ಲ. ನನಗೆ ಸ್ವರ್ಗದಲ್ಲಿ ಕೆಲಸ ಸಿಕ್ಕಂತಾಯಿತು.

ಅಲ್ಲಿದ್ದವನು ಫೈರ್‌ಮನ್ ಒಬ್ಬನೇ. ತಮಿಳಿನವನು, ನನಗಿಂತ ಇಪ್ಪತ್ತು ವರ್ಷ ದೊಡ್ಡವನು. ಅವನನ್ನು ‘ಅಣ್ಣ’ ಎಂದು ಕರೆಯುತ್ತಿದ್ದೆ. ಇಲ್ಲೂ ಹಾಗೆಯೇ ಬರೆಯುತ್ತೇನೆ. ಅಣ್ಣ ಒಲೆಗೆ ಹೊಟ್ಟು ಸುರಿಯುವನು, ಮಧ್ಯಾಹ್ನದ ಮೇಲೆ ಹೆಂಡ ಕುಡಿದು ಬಂದು ಹೊಟ್ಟಿನ ಮೂಟೆಗಳ ಮೇಲೆ ಮಲಗುವನು. ಬೆಂಕಿಯ ಬಣ್ಣವನ್ನು ಕಣ್ಣುಮುಚ್ಚಿಯೇ ತಿಳಿಯುತ್ತೇನೆಂದು ಹೇಳಿಕೊಳ್ಳುತ್ತಿದ್ದ. ಕಣ್ಣು ಮುಚ್ಚಿರುತ್ತಿದ್ದುದಂತೂ ನಿಜ. ಜೀವಮಾನವೆಲ್ಲ ಬಾಯ್ಲರಿನ ಪಕ್ಕ ಕಳೆದಿದ್ದರಿಂದ ಕಿವಿಯೂ ಮಂದ. ನನ್ನಂಥವನಿಗೆ ಇದಕ್ಕಿಂತ ಒಳ್ಳೆಯ ಜೊತೆಗಾರ ಸಿಗುವಂತಿರಲಿಲ್ಲ.

ಆ ಸರಪಳಿಯ ಸುಖವನ್ನು ಹೇಗೆ ಹೇಳಲಿ? ದಾರಿಯಲ್ಲಿ ಅಡ್ಡ ನಿಂತವನಿಗೆ ‘ಸ್ವಲ್ಪ ಸರೀರಿ’ ಎನ್ನಲಾಗದೆ, ಅವನು ತಾನಾಗಿ ಹೋಗುವವರೆಗೆ ಕಾಯುತ್ತಿದ್ದವನು ನಾನು. ಈಗ ಒಂದು ಸಲ ಕೈ ಎಳೆದರೆ ಊರಿಗೆ ಊರೇ ಅಲ್ಲಾಡುತ್ತಿತ್ತು. ಹೆಂಗಸರು ಅನ್ನಕ್ಕೆ ಎಸರು ಇಡುತ್ತಿದ್ದರು. ಮೇಷ್ಟ್ರು ಮಕ್ಕಳನ್ನು ಬಿಡುತ್ತಿದ್ದರು. ಕ್ಷೌರಿಕ ಅರ್ಧ ಬೋಳಿಸಿದ ಗಡ್ಡವನ್ನು ಹಾಗೇ ಬಿಟ್ಟು ಊಟಕ್ಕೆ ಏಳುತ್ತಿದ್ದನಂತೆ. ಯಾರೂ ನನ್ನ ಮುಖ ನೋಡುತ್ತಿರಲಿಲ್ಲ, ಎಲ್ಲರೂ ನನ್ನ ಮಾತು ಕೇಳುತ್ತಿದ್ದರು. ಸಾಯುವ ತನಕ ಇಲ್ಲೇ ಇರಬೇಕೆಂದು ನಿಶ್ಚಯಿಸಿಕೊಂಡೆ.

ಯುದ್ಧ ಹತ್ತಿರ ಬಂದಾಗ ಸರ್ಕಾರದ ಅಪ್ಪಣೆಯಾಯಿತು. ಸಿಳ್ಳೆ ಬಿಟ್ಟು ಬಿಟ್ಟು ಕೂಗಿದರೆ ಶತ್ರುವಿನ ವಿಮಾನ ಬಂತೆಂದು ಅರ್ಥ, ಜನ ಹಳ್ಳಕ್ಕೋ ಚರಂಡಿಗೋ ಇಳಿದು ಮಲಗಬೇಕು. ಒಂದೇ ಸಮನೆ ಉದ್ದಕ್ಕೆ ಕೂಗಿದರೆ ವಿಮಾನ ಹೋಯಿತೆಂದು ಅರ್ಥ, ಏಳಬಹುದು. ಗಿರಣಿಯ ಅಂಗಳದಲ್ಲೂ ಉದ್ದನೆಯ ಹಳ್ಳ ತೋಡಿಸಿದರು. ಈ ಏರ್ಪಾಡನ್ನು ನೋಡಲು ಅಮಲ್ದಾರರು ಬರುತ್ತಾರೆಂದು ಗೊತ್ತಾದ ದಿನ, ಗಿರಣಿಯ ಸಾಹುಕಾರರು ಬಾಯ್ಲರ್ ಮನೆಯ ಬಾಗಿಲಲ್ಲಿ ನಿಂತು ನನ್ನನ್ನು ಸನ್ನೆ ಮಾಡಿ ಕರೆದರು.

“ನೋಡು, ನೀನು ಬಂದ ಮೇಲೆ ನಮ್ ಕೂಗು ಒಂದು ನಿಮಿಷ ಆಚೀಚೆ ಆಗಿಲ್ಲ. ಊರೆಲ್ಲ ಹೊಗಳ್ತಾರೆ. ಅಮಲ್ದಾರ್ರ ಕೈಲಿ ನಿಂಗೊಂದು ಹಾರ ಹಾಕ್ಸ್ತೀನಿ. ಆಮೇಲೆ ನೀನು ಎರಡು ಮಾತಾಡಬೇಕು.”

“ಬೇಡಿ” ಎಂದು ಹೇಗೋ ಹೇಳಿದೆ.

“ನಾಚ್ಕೋಬೇಡ್ವೋ ಮಾರಾಯ! ‘ನಮಸ್ಕಾರ’ ಅನ್ನು, ‘ದೊಡ್ಡ ಉಪಕಾರ’ ಅನ್ನು. ಎರಡು ಮಾತು ಆಯ್ತಲ್ಲ? ಇಷ್ಟು ಆಗಲ್ಲ ಅಂದ್ರೆ ಆ ಅಮಲ್ದಾರ್ರು ಏನಂದ್ಕೊಳ್ತಾರೆ? ಮೂಗನನ್ನ ಇಟ್ಕೊಂಡಿದೀನಿ ಅಂದ್ಕೊಳ್ತಾರೆ. ಮೂಗರಿಗೆ ನನ್ ಗಿರಣೀಲಿ ಕೆಲ್ಸ ಇಲ್ಲ, ಗೊತ್ತಾಯ್ತಾ?”

ನಗುತ್ತಲೇ ಹೇಳಿ ಹೋದರು. ನನಗೆ ಅದು ನಗೆಯಾಗಿ ಕಾಣಲಿಲ್ಲ. ಎರಡು ಮಾತು ಆಡದಿದ್ದರೆ ಬಾಯ್ಲರ್ ಮನೆ ಹೋಯಿತು. ಮತ್ತೆ ಬಟ್ಟೆ ಅಂಗಡಿ, ಮತ್ತೆ ಟವೆಲು. ಒಂದು ವಾರ ನಾನು ಬಾಯ್ಲರಿನ ಮುಂದೆ ಕೈಮುಗಿದು ನಿಂತು ‘ನಮಸ್ಕಾರ, ದೊಡ್ಡ ಉಪಕಾರ’ ಎಂದು ಅಭ್ಯಾಸ ಮಾಡಿದೆ. ಅಣ್ಣ ಒಮ್ಮೆ ಎದ್ದು ಇದನ್ನು ಕಂಡು, ನಾನು ಬಾಯ್ಲರಿಗೆ ಪೂಜೆ ಮಾಡುತ್ತಿದ್ದೇನೆಂದು ಭಾವಿಸಿ, ತಾನೂ ಬಂದು ಅಡ್ಡಬಿದ್ದ.

ಆ ಸಂಜೆ ಅಂಗಳದಲ್ಲಿ ಚಪ್ಪರ ಹಾಕಿ ಕುರ್ಚಿ ಇಟ್ಟಿದ್ದರು. ಗಿರಣಿಯ ಆಳುಗಳು, ಪೇಟೆಯವರು, ಹೆಂಗಸರು, ಮಕ್ಕಳು ಎಲ್ಲರೂ ಬಂದಿದ್ದರು. ಅಮಲ್ದಾರರು ಬಹಳ ಹೊತ್ತು ಮಾತಾಡಿದರು. ಸಾಹುಕಾರರು ಎದ್ದು, “ಈಗ ನಮ್ಮ ಕೂಗಿನವರು…” ಎಂದು ಆರಂಭಿಸಿದರು. ಗುಂಪಿನ ಹಿಂದೆ ನಿಂತಿದ್ದ ನನ್ನ ಕಾಲುಗಳು ವೇದಿಕೆಯ ಕಡೆಗೆ ಹೋಗುವ ಬದಲು ಬಾಯ್ಲರ್ ಮನೆಯ ಕಡೆಗೆ ಹೋದವು.

ನನ್ನ ಯೋಚನೆ ಸರಳವಾಗಿತ್ತು. ಕೆಲಸ ಬಿಡುವ ಕೂಗು ಹಾಕಿದರೆ ಜನ ಅಭ್ಯಾಸದಿಂದ ಎದ್ದು ಮನೆಗೆ ಹೋಗುತ್ತಾರೆ, ಸಭೆ ಚದುರುತ್ತದೆ. ಅಣ್ಣ ಎಂದಿನಂತೆ ಮೂಟೆಗಳ ಮೇಲೆ ಗೊರಕೆ ಹೊಡೆಯುತ್ತಿದ್ದ. ನಾನು ಸರಪಳಿ ಹಿಡಿದು ಎಳೆದೆ. ಆದರೆ ಕೈ ನಡುಗುತ್ತಿತ್ತು. ಒಂದೇ ಸಮನೆ ಬರಬೇಕಾದ ಕೂಗು ತುಂಡು ತುಂಡಾಗಿ ಬಂತು. ಕೂ, ಕೂ, ಕೂ.

ಕಿಟಕಿಯಲ್ಲಿ ನೋಡಿದೆ. ಮೊದಲು ಹಳ್ಳಕ್ಕೆ ಹಾರಿದವರು ಅಮಲ್ದಾರರು. ಅವರ ಮೇಲೆ ಸಾಹುಕಾರರು. ಆಮೇಲೆ ಯಾರು ಯಾರ ಮೇಲೆ ಬಿದ್ದರೆಂದು ಹೇಳುವಂತಿರಲಿಲ್ಲ. ನನಗೆ ತಯಾರಾಗಿದ್ದ ಹಾರವನ್ನು ಒಂದು ಹಸು ನಿಧಾನವಾಗಿ ತಿನ್ನುತ್ತಿತ್ತು. ಬೀದಿಯಲ್ಲಿ ಜನ ಚರಂಡಿಗೆ ಇಳಿಯುತ್ತಿರುವುದೂ ಕಂಡಿತು.

ತಪ್ಪನ್ನು ಸರಿಪಡಿಸಲು ಒಂದು ಉದ್ದನೆಯ ಕೂಗು ಹಾಕಿದರೆ ಸಾಕಾಗಿತ್ತು. ಎಳೆದೆ. ಆಗ ಕೈ ಇನ್ನೂ ಹೆಚ್ಚು ನಡುಗುತ್ತಿತ್ತು. ಮತ್ತೆ ತುಂಡು ತುಂಡು. ಏಳಲು ನೋಡಿದವರು ಮತ್ತೆ ಮಲಗಿದರು. ಮತ್ತೆ ಎಳೆದೆ, ಅವರು ಮತ್ತೆ ಮಲಗಿದರು. ನಾನು ಸಮಾಧಾನ ಮಾಡಲು ಹೋದಷ್ಟೂ ಜಪಾನಿನ ವಿಮಾನಗಳು ಹೆಚ್ಚುತ್ತಾ ಹೋದವು. ಕೊನೆಗೆ ಸರಪಳಿ ಬಿಟ್ಟು ಹಿಂಬಾಗಿಲಿಂದ ಓಡಿ, ಹಳ್ಳದ ತುದಿಗೆ ಹಾರಿ, ಎಲ್ಲರಂತೆ ಬೋರಲು ಮಲಗಿದೆ. ಪಕ್ಕದಲ್ಲಿದ್ದ ಮುದುಕಿಯೊಬ್ಬರು ನನ್ನ ತಲೆ ನೇವರಿಸಿ, “ಹೆದರ್ಬೇಡ ಮಗ” ಎಂದರು.

ಅಷ್ಟರಲ್ಲಿ ಗದ್ದಲಕ್ಕೆ ಅಣ್ಣನಿಗೆ ಎಚ್ಚರವಾಗಿತ್ತು. ಹೊರಗೆ ಹೊತ್ತಿಳಿದಿತ್ತು, ನಾನು ಕಾಣಲಿಲ್ಲ. ಕೆಲಸ ಬಿಡುವ ಕೂಗು ತಪ್ಪಿಹೋಯಿತೆಂದು ಗಾಬರಿಯಾಗಿ ಸರಪಳಿಗೆ ಜೋತುಬಿದ್ದ. ಒಂದೇ ಉದ್ದನೆಯ ಕೂಗು ಬಂತು. ಊರು ಎದ್ದು ಕುಳಿತಿತು.

ಸಾಹುಕಾರರು ಕೆಸರು ಮೈಯಲ್ಲೇ ಬಾಯ್ಲರ್ ಮನೆಗೆ ನುಗ್ಗಿದರು. ನಾನೂ ಹಿಂದೆ ಹೋದೆ. ಅಣ್ಣ ಇನ್ನೂ ಸರಪಳಿ ಹಿಡಿದೇ ನಿಂತಿದ್ದ.

“ನೀನೇನೋ ಕೂಗ್ಸಿದ್ದು?” ಎಂದು ಸಾಹುಕಾರರು ಅವನ ಕಿವಿಯ ಹತ್ತಿರ ಅರಚಿದರು.

“ಆಮಾ ಸಾಮಿ, ನಾನೇ.”

“ಮೊದ್ಲಿಂದೂ ನೀನೇನಾ? ಬಿಟ್ಟು ಬಿಟ್ಟು ಕೂಗ್ಸಿದ್ದು?”

ಅಣ್ಣ ತನ್ನ ಕೈಯನ್ನು ನೋಡಿಕೊಂಡ. “ಎಷ್ಟು ಸಲ ಎಳ್ದೆ ಗೊತ್ತಿಲ್ಲ ಸಾಮಿ. ನಿದ್ದೇಲಿ ಇದ್ದೆ. ಕೈ ತಾನೇ ಎಳ್ದಿರಬೇಕು.”

“ಕುಡುಕ! ಈ ಪಾಪದವನ ಸನ್ಮಾನ ಹಾಳು ಮಾಡಿದ್ಯಲ್ಲೋ!” ಎಂದು ಸಾಹುಕಾರರು ನನ್ನ ಹೆಗಲ ಮೇಲೆ ಕೈಯಿಟ್ಟರು.

ಆಗ ನಾನು ಹೇಳಬೇಕಾಗಿದ್ದುದೂ ಎರಡೇ ಮಾತು. ‘ಅವನಲ್ಲ, ನಾನು.’ ಬಾಯಿ ತೆರೆದೆ. ಸಾಹುಕಾರರು, “ಬಿಡು, ಬೇಜಾರು ಮಾಡ್ಕೋಬೇಡ” ಎಂದರು. ಬಾಯಿ ಮುಚ್ಚಿದೆ.

ಅಮಲ್ದಾರರು ಇನ್ನು ಆ ಗಿರಣಿಯ ಮೆಟ್ಟಿಲು ತುಳಿಯುವುದಿಲ್ಲವೆಂದು ಹೇಳಿ ಹೋದದ್ದರಿಂದ ನನ್ನ ಹಾರದ ಮಾತು ಮತ್ತೆ ಬರಲಿಲ್ಲ. ಅಣ್ಣನನ್ನು ಬಾಯ್ಲರ್ ಮನೆಯಿಂದ ತೆಗೆದು, ಬಿಸಿಲಲ್ಲಿ ಭತ್ತ ಹರವುವ ಆಳುಗಳ ಜೊತೆ ಹಾಕಿದರು. ನಾನು ಸತ್ಯ ಹೇಳಲೆಂದು ಭಾನುವಾರ ಸಾಹುಕಾರರ ಮನೆಗೆ ಹೋಗಿ ಜಗಲಿಯಲ್ಲಿ ಕುಳಿತೆ. “ಏನ್ ಬಂದೆ?” ಎಂದರು. “ನೀರು” ಎಂದೆ. ಒಂದು ಚೊಂಬು ನೀರು ಕುಡಿದು ಬಂದೆ. ಮುಂದಿನ ಭಾನುವಾರವೂ ಅದೇ. ಆಮೇಲೆ ಕೇಳುವ ಮೊದಲೇ ನೀರು ಬರುತ್ತಿತ್ತು. ನನ್ನ ಭಾವನನ್ನು ಅವರು ಒಮ್ಮೆ ಕೇಳಿದರಂತೆ, “ನಿಮ್ ಮನೆ ಬಾವಿ ಬತ್ತಿದೆಯೇನ್ರೀ?”

ಕೆಲವು ತಿಂಗಳ ಮೇಲೆ ಅಣ್ಣನ ಹೆಂಡತಿ ಬಾಯ್ಲರ್ ಮನೆಗೆ ಬಂದಳು. ಬೈಯಲು ಬಂದಳೆಂದು ನಾನು ಮೂಟೆಗಳ ಹಿಂದೆ ಅವಿತೆ. ಅವಳು ಅಲ್ಲಿಗೇ ಬಂದು ಒಂದು ಪೊಟ್ಟಣ ಮುರುಕು, ನಮ್ಮ ಚಕ್ಕುಲಿಯಂಥದು, ಇಟ್ಟಳು.

“ತಂಬಿ, ಆ ದಿನದಿಂದ ಅವರು ಹೆಂಡ ಮುಟ್ಟಿಲ್ಲ. ಕೂಲಿ ಕಮ್ಮಿ ಆದ್ರೂ ಮನೆಗೆ ಬರ್ತದೆ. ಆದ್ರೆ ರಾತ್ರಿ ಮಲಗುವಾಗ ಬಲಗೈನ ಕಂಬಕ್ಕೆ ಹಗ್ಗ ಹಾಕಿ ಕಟ್ಕೊಳ್ತಾರೆ. ನಿದ್ದೇಲಿ ಆ ಕೈ ಏನ್ ಮಾಡ್ತದೋ ಅಂತ ಭಯ. ನೀನು ಓದಿದವನು, ಬಿಚ್ಚೋಕೆ ಹೇಳ್ತೀಯಾ?”

ಹೇಳುತ್ತೇನೆಂದು ತಲೆಯಾಡಿಸಿದೆ. ಹೇಳಲಿಲ್ಲ. ನಿಜ ತಿಳಿದರೆ ಅವನು ಮತ್ತೆ ಕುಡಿಯುತ್ತಾನೆ, ಸಂಸಾರ ಹಾಳಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಆ ನೆಪ ನನಗೆ ಬಹಳ ಅನುಕೂಲವಾಯಿತು. ತನ್ನದೇ ಕೈಗೆ ಹೆದರುವಂತೆ ಒಬ್ಬ ಮನುಷ್ಯನನ್ನು ಮಾಡಿ, ನಾನು ವರ್ಷಗಟ್ಟಲೆ ಅವನ ಮೂಟೆಗಳಿಗೆ ಒರಗಿ ನೆಮ್ಮದಿಯಾಗಿದ್ದೆ. ತಿಂದ ಮುರುಕೂ ರುಚಿಯಾಗಿತ್ತು. ಪಶ್ಚಾತ್ತಾಪಕ್ಕೆ ರುಚಿ ಕೆಡುತ್ತದೆಂದು ಜನ ಹೇಳುತ್ತಾರೆ, ನನಗೆ ಕೆಡಲಿಲ್ಲ.

ಯುದ್ಧ ಮುಗಿಯಿತು. ಅಣ್ಣ ಊರಿಗೆ ಹೊರಟ ದಿನ ನನ್ನನ್ನು ನೋಡಲು ಬಂದ. ಹನ್ನೆರಡಕ್ಕೆ ಒಂದೆರಡು ನಿಮಿಷವಿತ್ತು. ಸರಪಳಿಯಿಂದ ದೂರ, ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ನಿಂತ. ಹೊತ್ತಾಯಿತು. ನಾನು ಎಳೆದೆ. ಕೂಗು ಎದ್ದಿತು. ಆ ಕೂಗಿನೊಳಗೆ, ಅವನ ಮುಖ ನೋಡುತ್ತಲೇ ಹೇಳಿದೆ: “ಅವತ್ತು ಎಳೆದವನು ನಾನು ಅಣ್ಣ. ನಿನ್ನ ಕೈ ಅಲ್ಲ. ಬಿಚ್ಚಿ ಮಲಕ್ಕೋ.” ಒಂದು ಮಾತೂ ತಡವರಿಸಲಿಲ್ಲ, ಕೈಯೂ ನಡುಗಲಿಲ್ಲ.

ಕೂಗು ನಿಂತಿತು. ಅಣ್ಣ ನನ್ನ ತುಟಿ ಆಡಿದ್ದನ್ನು ಕಂಡಿದ್ದ. ಹತ್ತಿರ ಬಂದು ಕಿವಿಗೆ ಕೈಯಿಟ್ಟು, “ಏನಂದೆ ತಂಬಿ?” ಎಂದ.

ಅಷ್ಟು ಹತ್ತಿರ ಒಂದು ಮುಖ.

“ಊಟದ ಹೊತ್ತಾಯ್ತು ಅಂದೆ ಅಣ್ಣ.”

ಅಣ್ಣ ನಕ್ಕ. “ಅದನ್ನ ಊರಿಗೆಲ್ಲ ಕೂಗಿ ಹೇಳಿದ್ಯಲ್ಲ. ನನಗೆ ಬೇರೆ ಯಾಕೆ ಹೇಳ್ತೀಯ?” ಎಂದು ಹೇಳಿ, ಕೈಯನ್ನು ಹಾಗೆಯೇ ಹಿಡಿದುಕೊಂಡು ರೈಲಿಗೆ ಹೋದ.