ದಾರವಿಲ್ಲದ ಮಷೀನು, ಉದಗೀರದ ಓಟ

ಉಮರ್ಗಾ ಪೇಟೆಯ ಬಟ್ಟೆ ಅಂಗಡಿಯ ಕಾಶೆಪ್ಪನಿಗೆ ಅರವತ್ತರ ಹೊಸ್ತಿಲಲ್ಲಿ ಓಡುವ ಹುಚ್ಚು ಹತ್ತಿತು. ಕೇಳಿದವರಿಗೆ ಇದು ವಂಶದ ಗುಣ ಎನ್ನುತ್ತಿದ್ದ. ಅವನ ಮುತ್ಯಾ, ಅಂದರೆ ಅಜ್ಜ, ನಿಜಾಮರ ಕಾಲದಲ್ಲಿ ಇಲ್ಲಿಂದ ಕಲಬುರ್ಗಿಗೆ ಎಂಥ ಜೋರಿನಲ್ಲಿ ಓಡುತ್ತಿದ್ದನೆಂದರೆ, ಮುತ್ಯಾ ಊರು ಮುಟ್ಟಿ, ಉಂಡು, ಒಂದು ನಿದ್ದೆ ತೆಗೆದು ಎದ್ದ ಮೇಲೆ ಅವನ ನೆರಳು ಏದುಸಿರು ಬಿಡುತ್ತ ಬಂದು ಸೇರುತ್ತಿತ್ತಂತೆ. ಆ ನೆರಳಿಗೂ ಒಂದು ತಾಟು ಬಡಿಸುತ್ತಿದ್ದರೋ ಇಲ್ಲವೋ, ಕಾಶೆಪ್ಪ ಹೇಳಿಲ್ಲ.

ಇಂಥ ವಂಶದ ಕುಡಿ ಹೋದ ವರ್ಷ ಉದಗೀರದ ಹಿರಿಯರ ಓಟದಲ್ಲಿ ಅರ್ಧ ದಾರಿಗೇ ಕುಕ್ಕರಿಸಿ, ಕೊನೆಗೆ ಆಟೋದಲ್ಲಿ ಕೂತು ಗುರಿಯಲ್ಲಿ ಕಟ್ಟಿದ ಹಗ್ಗ ಮುಟ್ಟಿತು. ಆಟೋ ಕರೆದವನು ನಿಲಂಗಾದ ಬೀಗ ಮಹಾದೇವಪ್ಪ, ಅಂದರೆ ಮಗಳು ತ್ರಿವೇಣಿಯ ಮಾವ. ಅವನೂ ಓಡುವವನೇ. ಅಂದಿನಿಂದ ಯಾವ ಮದುವೆಗೆ ಹೋದರೂ ಮಹಾದೇವಪ್ಪ ಚಪ್ಪರದ ಬಾಗಿಲಲ್ಲೇ ಕೂಗುತ್ತಿದ್ದ: "ಬರ್ರಿ ಬೀಗರ! ಆಟೋ ಎಲ್ಲಿ ನಿಲ್ಸೀರಿ?" ಕಾಶೆಪ್ಪ ಹೆಣ್ಣಿನ ಕಡೆಯವನು, ಗಂಡಿನ ಕಡೆಯವರು ನಕ್ಕರೆ ತಾನೂ ನಗಬೇಕು. ನಕ್ಕೂ ನಕ್ಕೂ ದವಡೆ ನೋಯುತ್ತಿತ್ತು. ಈ ವರ್ಷ ಅವನಿಗೆ ಬಹುಮಾನ ಬೇಡ, ಏನೂ ಬೇಡ. ಸ್ವಂತ ಕಾಲ ಮೇಲೆ ಹಗ್ಗ ಮುಟ್ಟಿದರೆ ಸಾಕು.

ಭಾನುವಾರದ ಓಟಕ್ಕೆ ಇನ್ನೊಂದು ವಾರವಿತ್ತು. ಮೇಲಿನ ಕಪಾಟಿನಿಂದ ಶರ್ಟಿನ ಬಟ್ಟೆಯ ಥಾನು ಎಳೆಯಲು ಸ್ಟೂಲು ಹತ್ತಿದ. ಥಾನು ಬಂತು, ಹಿಂದೆಯೇ ಕಾಶೆಪ್ಪನೂ ಬಂದ. ಕಣಕಾಲು ಉಳುಕಿತು. ಡಾಕ್ಟರು ಒತ್ತಿ ನೋಡಿ, ಎಲುಬಿಗೆ ಏನೂ ಆಗಿಲ್ಲ, ನಾಲ್ಕು ದಿನ ಓಡಬೇಡಿ, ಹಾಗಂತ ಕಾಲನ್ನು ಸುಮ್ಮನೆ ಇಡಲೂಬೇಡಿ, ಕೂತಲ್ಲೇ ಮೆಲ್ಲಗೆ ಆಡಿಸುತ್ತಿರಿ ಎಂದರು.

ಹೆಂಡತಿ ಗೌರಾಬಾಯಿ ಮಗಳಿಗೆ ಫೋನು ಹಚ್ಚಿದಳು. "ಗಾಬರಿ ಆಗಬ್ಯಾಡವ್ವಾ ತ್ರಿವೇಣಿ, ನಿಮ್ಮಪ್ಪಂದು ಕಾಲ ಒಂದೀಟ ಉಳಕೇದ." ಆ ಸುದ್ದಿ ನಿಲಂಗಾ ಪೇಟೆ ದಾಟುವಷ್ಟರಲ್ಲಿ ಕಾಲು ಮುರಿದಿತ್ತು. ಜಳಕೋಟದ ನೆಂಟರಿಗೆ ಮುಟ್ಟುವಾಗ ಎರಡೂ ಮುರಿದಿದ್ದವು.

ಮರುದಿನವೇ ಮಹಾದೇವಪ್ಪ ಹೆಂಡತಿ ಗುರಮ್ಮನನ್ನು ಕರೆದುಕೊಂಡು, ಬಾಳೆಹಣ್ಣು, ಬ್ರೆಡ್ಡು ಹಿಡಿದು ಬಂದಿಳಿದ. ಪೆಟ್ಟಾದವನನ್ನು ನೋಡಲು ಬಂದವರ ಮುಂದೆ ಪೆಟ್ಟಾದವನು ಮಲಗಿರಬೇಕು. ಎದ್ದು ಕೂತರೆ ತಂದ ಬಾಳೆಹಣ್ಣಿಗೆ ಅವಮಾನ. ಕಾಶೆಪ್ಪ ಮಲಗಿದ.

"ಏಳಬ್ಯಾಡ್ರಿ ಬೀಗರ! ಈ ಸಲ ಆಟೋ ಮನೀ ಬಾಗಲಿಗೇ ತರಿಸ್ಲೇನ್ರಿ?"

"ಬರೇ ಉಳಕೇದ್ರೀ. ಮುರದಿಲ್ಲ."

"ಪೆಟ್ಟಾದವರು ಎಲ್ಲಾರೂ ಹಂಗೇ ಅಂತಾರ," ಎಂದಳು ಗುರಮ್ಮ. "ಅಕ್ಕಾರ, ಇವರಿಗಿ ಹಾಸಗಿ ಬಿಡಗೊಡಬ್ಯಾಡ್ರಿ. ಐತವಾರ ತನಾ ನಾವೂ ಇಲ್ಲೇ ಇರ್ತೀವಿ."

ಭಾನುವಾರದ ತನಕ ಎಂದು ಇದ್ದೇಬಿಟ್ಟರು. ದಿನಾ ಮುಂಜಾನೆ ಮಹಾದೇವಪ್ಪ ಯೆಣೆಗೂರ ದಾರಿಯಲ್ಲಿ ಓಡಿ ಬಂದು, ಕಾಶೆಪ್ಪನ ಮಂಚದ ಎದುರಿಗೇ ನಿಂತು ಬೆವರು ಒರೆಸಿಕೊಳ್ಳುತ್ತಿದ್ದ. ಕಾಶೆಪ್ಪ ಬಾಳೆಹಣ್ಣು ಸುಲಿಯುತ್ತಿದ್ದ.

ನಡುಮನೆಯಲ್ಲಿ ಒಂದು ಕಾಲ್ತುಳಿ ಹೊಲಿಗೆ ಮಷೀನಿತ್ತು. ಹಿಂದೆ ಈ ಸೀಮೆಯ ಭೂಕಂಪದಲ್ಲಿ ಹಳೆಯ ಮನೆಯ ಮಾಳಿಗೆ ಬಿದ್ದಾಗಲೂ ಮಣ್ಣೊಳಗೆ ನೆಟ್ಟಗೆ ನಿಂತಿದ್ದ ಮಷೀನು ಅದು. ಮಲಗಿದವನ ಕಣ್ಣು ಅದರ ತುಳಿಯುವ ಹಲಗೆಯ ಮೇಲೆ ಬಿತ್ತು. ಕೂತಲ್ಲೇ ಕಾಲು ಆಡಿಸಿ ಎಂದಿದ್ದರಲ್ಲ ಡಾಕ್ಟರು!

"ಬ್ಯಾಸರಾಗ್ಲತ್ತದ. ಕೂತು ದಿಂಬಿನ ಗಲೀಫ ಹೊಲೀತೀನಿ," ಎಂದ. ಕೂರುವ ಕೆಲಸ ತಾನೇ, ಹೆಂಗಸರು ಒಪ್ಪಿದರು.

ಮೊದಲ ದಿನ ಮೆಲ್ಲಗೆ ತುಳಿದ, ನೋವಾದಾಗ ನಿಲ್ಲಿಸಿದ. ಮರುದಿನ ನೋವು ಇಳಿಯಿತು, ತುಳಿತ ಏರಿತು. ಕಣ್ಣು ಮುಚ್ಚಿದರೆ ಮಷೀನು ಉದಗೀರದ ರಸ್ತೆ ಹಿಡಿಯುತ್ತಿತ್ತು. ಚಕ್ರದ ಗಾಳಿಗೆ ಗೋಡೆಯ ಕ್ಯಾಲೆಂಡರು ಪಟಪಟನೆ ಮಗುಚಿ, ಆ ಮನೆಯಲ್ಲಿ ಶ್ರಾವಣ ಎರಡು ತಿಂಗಳು ಮೊದಲೇ ಬಂತು ಎಂದು ಓಣಿಯವರು ಈಗಲೂ ಹೇಳುತ್ತಾರೆ.

ಬುಧವಾರ ಮಹಾದೇವಪ್ಪ ಹಿಂದೆ ಬಂದು ನಿಂತ. "ಬೀಗರ, ಮುಂಜಾನಿಂದ ಹೊಲೀಲತ್ತೀರಿ. ಎಷ್ಟ ಆದವು?"

"ಆಗ್ಲತ್ತಾವ್ರಿ."

"ಸೂಜ್ಯಾಗ ದಾರಾನೇ ಇಲ್ಲಲ್ರೀ!"

ಕಾಶೆಪ್ಪ ತುಳಿಯುವುದನ್ನು ನಿಲ್ಲಿಸಲಿಲ್ಲ. "ದಾರ ಭಾಳ ಬಾರೀಕದ. ಎಲ್ಲಾರಿಗೂ ಕಾಣಸಲ್ಲ."

"ಮತ್ತ ಅರಬಿ?" ಬಟ್ಟೆ ಇರಬೇಕಾದ ಜಾಗವನ್ನು ಬೆರಳಿಂದ ತೋರಿಸಿದ.

"ಅದೂ ಬಾರೀಕ."

ಮಹಾದೇವಪ್ಪ ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಕೂತು ನಕ್ಕ. ನಗು ತೀರಿದ ಮೇಲೆ ಎದ್ದು ಬಾಗಿಲು ಎಳೆದು ಮುಚ್ಚಿ ಬಂದ. "ಖರೇ ಹೇಳ್ರಿ. ಐತವಾರ ಓಡಾವರಿದ್ದೀರಿ?"

"ಓಡೋದು ಹಾಳಾಗ್ಲಿ. ಮುಟ್ಟಬೇಕು, ಅಷ್ಟೇ. ನನ್ನ ಕಾಲ ಮ್ಯಾಲೆ ಒಂದು ಸಲ ಮುಟ್ಟಬೇಕು. ನೀವು ಆಟೋ ಆಟೋ ಅಂದಾಗ ನಾ ನಗ್ತೀನಿ ಖರೆ, ಒಳಗ ನಗು ಇರಾಂಗಿಲ್ರಿ."

ಮಹಾದೇವಪ್ಪ ಮೀಸೆ ತಿರುವಿ, ದಾರದ ಉಂಡೆ ಹುಡುಕಿ ತಂದು ಮುಂದಿಟ್ಟ. "ಮದಲ ಸೂಜಿಗಿ ದಾರ ಹಾಕ್ರಿ," ಎಂದ. "ಹೆಣ್ಮಕ್ಕಳು ನೋಡಿದ್ರ ಇಬ್ಬರೂ ಸಿಗಬೀಳ್ತೀವಿ."

ಅಲ್ಲಿಂದ ಬೀಗ ಬಟ್ಟೆ ಕತ್ತರಿಸುವುದು, ಕಾಶೆಪ್ಪ ತುಳಿಯುವುದು. ಓಣಿಯ ದಿಂಬುಗಳೆಲ್ಲ ಗಲೀಫು ತೊಟ್ಟು ಮುಗಿದಾಗ ಗೌರಾಬಾಯಿ ಒಂದನ್ನು ಕುಂಬಳಕಾಯಿಗೂ ತೊಡಿಸಿದಳು. ಶುಕ್ರವಾರ ಡಾಕ್ಟರು ಕಾಲು ತಿರುಗಿಸಿ ನೋಡಿ, ಮೆಲ್ಲಗೆ ಓಡಬಹುದು, ನೋವಾದರೆ ಮಾತ್ರ ನಿಲ್ಲಿ ಎಂದರು. ಶನಿವಾರ ಬೆಳಗ್ಗೆ ಇಬ್ಬರೂ ಗುಡಿಗೆಂದು ಹೇಳಿ ಹೊರಟು, ಶಾಲೆಯ ಬಯಲಿನಲ್ಲಿ ಮದುಮಕ್ಕಳು ನಡೆದಂತೆ ಓಡಿ ಬಂದರು. ಮನೆಗೆ ಬಂದರೆ ಗೌರಾಬಾಯಿ ಕಾಶೆಪ್ಪನ ಓಟದ ಬೂಟು ತೊಳೆದು ಬಿಸಿಲಿಗೆ ಇಟ್ಟಿದ್ದಳು.

"ಖಾಲಿ ಮಷೀನಿನ ಸಪ್ಪಳ ನನಗ ತಿಳಿಯಂಗಿಲ್ಲೇನು?" ಎಂದಳು. "ಹೋಗಿ ಬರ್ರಿ. ಕುಂಟಕೋತ ಬಂದ್ರ ಮಾತ್ರ ಬಾಳೆಹಣ್ಣು ನಾನೇ ತರ್ತೀನಿ."

ಭಾನುವಾರ ಉದಗೀರದಲ್ಲಿ ಸೀಟಿ ಊದಿದಾಗ ಎಲ್ಲರೂ ಹಾರಿಹೋದರು, ಮಹಾದೇವಪ್ಪನೂ ಹೋದ. ಕಾಶೆಪ್ಪ ಮಷೀನು ತುಳಿದ ಲಯದಲ್ಲೇ ಹೆಜ್ಜೆ ಹಾಕಿದ. ಹೋದ ವರ್ಷ ಕುಕ್ಕರಿಸಿದ ತಿರುವು ಬಂತು. ಕಣಕಾಲು ಚುಳುಕ್ ಎಂದಿತು. ನಿಂತು ಉಸಿರು ಬಿಟ್ಟ, ನಡೆದ, ಮತ್ತೆ ಓಡಿದ. ದೂರದಿಂದ ನೋಡಿದರೆ ಮಂಟಪ ಬಿಚ್ಚುತ್ತಿದ್ದರು, ಕುರ್ಚಿ ಪೇರಿಸುತ್ತಿದ್ದರು. ಹಗ್ಗ ಸುತ್ತಿಡಲು ಬಂದವನ ಜೊತೆ ಒಬ್ಬ ಮನುಷ್ಯ ಜಗಳಕ್ಕೆ ನಿಂತಿದ್ದ, ಹಗ್ಗದ ಒಂದು ತುದಿಯನ್ನು ಕೈಗೆ ಗಟ್ಟಿಯಾಗಿ ಸುತ್ತಿಕೊಂಡು.

"ಏ ತಮ್ಮಾ, ಥಾಂಬ, ನಿಂದ್ರು! ಬಿಡಬ್ಯಾಡ ಹಗ್ಗ! ನಮ್ಮ ಬೀಗರು ಬರ್ಲತ್ತಾರ, ಕಾಣಸಲ್ಲೇನು? ಕಾಲ ಮ್ಯಾಲೆ ಬರ್ಲತ್ತಾರ!"

ಕಾಶೆಪ್ಪ ಎದೆಯಿಂದ ಹಗ್ಗ ಮುಟ್ಟಿದ. ಮುಟ್ಟಿದವನು ಅದನ್ನೇ ಹಿಡಿದುಕೊಂಡು ನಿಂತು ನಕ್ಕ. ಈ ಸಲ ದವಡೆ ನೋಯಲಿಲ್ಲ.