ಸುಂಕಸಾಳದ ಎಲೆಪಾಠ

ಪ್ರಕೃತಿಯೇ ಮನುಷ್ಯನ ಮೊದಲ ಗುರು. ಆದರೆ ಸುಂಕಸಾಳದ ಕಾಡಿನಲ್ಲಿ ಆ ಗುರುವನ್ನು ಕಾಣಲು ಅರಣ್ಯ ಇಲಾಖೆಯ ಪಾಸು ಬೇಕು. ನಿಸರ್ಗಪಾಠದ ತರಬೇತಿಗೆ ಬಂದ ನಮ್ಮ ಏಳು ಮಂದಿ ಮಾಸ್ತರರ ಬಳಿ ಎಲೆ ಕೊಯ್ಯುವ ಪಾಸಿತ್ತು, ಎಲೆಗಳ ಹೆಸರು ಮಾತ್ರ ಗೊತ್ತಿರಲಿಲ್ಲ. ದಾರಿಯಲ್ಲಿ ಸಿಕ್ಕ ಕೂಲಿಯಾಳು ನಾಗಿ ತನ್ನ ಕತ್ತಿಯಿಂದ ಬಗೆಬಗೆಯ ಸೊಪ್ಪು ಕೊಯ್ದು ಹೆಸರು ಹೇಳಿಕೊಟ್ಟಳು.

"ಮತ್ತಿ ಸೊಪ್ಪು ಗುರ್ತಿಲ್ವಾ? ಮಕ್ಳಿಗೆ ಎಂತಾ ಕಲಿಸ್ತ್ರಿ ಮಾಸ್ತರೆ?" ಎಂದು ನಕ್ಕಳು.

ಅಷ್ಟರಲ್ಲಿ ಕಾಡಿನ ಗಾರ್ಡ ಬಂದು, ಪಾಸು ಓದಿ, ಅವಳ ಕತ್ತಿ ಕಿತ್ತುಕೊಂಡ.

"ನಮಗಾಗಿ ಕೊಯ್ದದ್ದು" ಎಂದೆವು.

"ಪಾಸಿನಲ್ಲಿ ಅವಳ ಹೆಸರು ಎಲ್ಲುಂಟು?" ಎಂದ.

"ಕತ್ತಿ ಇಲ್ದೆ ನಾಳೆ ನನ್ನ ಕೂಲಿಗೆ ಯಾರು ಕರೀತ್ರು, ಒಡೆಯಾ?" ಎಂದಳು ನಾಗಿ.

ಸಂಜೆ ಅಂಕೋಲೆಯ ಮೋಟಾರು ಹತ್ತುವಾಗ ನಮ್ಮ ಏಳೂ ಮಂದಿಯ ಕೈಯಲ್ಲಿ ತರಬೇತಿಯ ಸರ್ಟಿಫಿಕೇಟು ಇತ್ತು. ನಾಗಿಯ ಕತ್ತಿ ಅರಣ್ಯ ತಪಾಸಣಾ ನಾಕೆಯಲ್ಲಿತ್ತು.